ನಾಳೆ ಬಾ ಅನ್ನೋದನ್ನ ನಾನು ಬಿಟ್ಟಿದ್ದು ಹೆಂಗೆ: ಮಾಜಿ ಪಂಚಾಯ್ತಿ ಮೆಂಬರ್ ಅನುಭವ

2020ರ ಡಿಸೆಂಬರ್ ಎಲೆಕ್ಷನ್ನಲ್ಲಿ ನಾನು ಗ್ರಾಮ ಪಂಚಾಯ್ತಿ ಮೆಂಬರ್ ಆದೆ. ಮಹಿಳಾ ಮೀಸಲು ಸೀಟು, ನಿಂತ್ಕೋ ಅಂದಿದ್ದು ಮನೆಯವ್ರು. ಮೊದಲ ಆರು ತಿಂಗಳು ಬಾಗಿಲಿಗೆ ಬಂದೋರೆಲ್ಲ ಕೇಳ್ತಿದ್ದಿದ್ದು ಒಂದೇ, "ಯಜಮಾನ್ರು ಇದಾರಾ?" ನಾನೇ ಮೆಂಬರ್ ಕಣಪ್ಪಾ, ಹೇಳು ಅಂದ್ರೂ ಇರ್ಲಿ ಬಿಡಕ್ಕ ಅವ್ರು ಬರ್ಲಿ ಅಂತ ಜಗಲಿ ಮೇಲೆ ಕೂತ್ಬಿಡೋರು. ಆ ಕತೆ ಬೇರೆನೇ ಇದೆ, ಇನ್ನೊಂದ್ಸಲ ಬರೀತೀನಿ. ಇವತ್ತು ಹೇಳೋಕೆ ಹೊರಟಿದ್ದು ನಾನು ಜನನ ಹೆಂಗೆ ನಡೆಸ್ಕೊಂಡೆ ಅಂತ, ಮೊದಲು ಕೆಟ್ಟದಾಗಿ, ಆಮೇಲೆ ಸುಮಾರಾಗಿ.

ಒಬ್ರು ಅಜ್ಜಿಗೆ ಸಂಧ್ಯಾ ಸುರಕ್ಷಾ ದುಡ್ಡು, ಅಂದ್ರೆ ವಯಸ್ಸಾದೋರಿಗೆ ಸರ್ಕಾರ ಕೊಡೋ ಪೆನ್ಷನ್, ಇದ್ದಕ್ಕಿದ್ದಂಗೆ ನಿಂತೋಗಿತ್ತು. ನನ್ನ ಹತ್ರ ಬಂದ್ರು, ನೋಡ್ತೀನಿ ಬಿಡಜ್ಜಿ ಅಂದೆ. ಮುಂದಿನ ವಾರ ಬಂದ್ರು, ಹೇಳಿದೀನಿ ಅಜ್ಜಿ ಆಗುತ್ತೆ ಅಂದೆ, ಯಾರಿಗೂ ಹೇಳಿರ್ಲಿಲ್ಲ. ಹಿಂಗೇ ನಾಲ್ಕು ತಿಂಗಳು. ಒಂದಿನ ಅಜ್ಜಿ ಹೊಸ್ತಿಲ ಹತ್ರ ನಿಂತ್ಕೊಂಡು ಬಾಗಿಲು ಮೇಲೆ ಕೆಳಗೆ ನೋಡಿ, "ಇಲ್ಲೊಂದು ನಾಳೆ ಬಾ ಅಂತ ಬರ್ಸ್ಬಿಡು ತಾಯಿ, ನಂಗೂ ಓಡಾಡೋದು ತಪ್ಪುತ್ತೆ" ಅಂದು ಹೊರಟೋದ್ರು. ನಮ್ಮ ಕಡೆ ಹಳೇ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಹಂಗೆ ಬರೆದಿರೋದು ನೋಡಿರ್ತೀರಿ, ರಾತ್ರಿ ಬಂದು ಬಾಗಿಲು ತಟ್ಟೋ ದೆವ್ವ ಓದ್ಕೊಂಡು ವಾಪಸ್ ಹೋಗ್ಲಿ ಅಂತ ಬರೆಯೋದು. ಅವತ್ತು ಊಟ ಸೇರ್ಲಿಲ್ಲ ನಂಗೆ.

ತಮಾಷೆ ಏನು ಗೊತ್ತಾ, ಆ ಪೆನ್ಷನ್ ಪಂಚಾಯ್ತಿ ಕೈಲೇ ಇಲ್ಲ. ಅರ್ಜಿ ಹಾಕೋದು ನಾಡಕಚೇರಿಲಿ, ಮಂಜೂರು ಮಾಡೋದು ಕಂದಾಯ ಇಲಾಖೆ. ಅಜ್ಜಿದು ಆಧಾರ್ ಬ್ಯಾಂಕ್ ಅಕೌಂಟಿಗೆ ಲಿಂಕ್ ತಪ್ಪಿತ್ತು ಅಷ್ಟೇ, ಆಮೇಲೆ ನಾನೇ ಬ್ಯಾಂಕಿಗೆ ಕರ್ಕೊಂಡು ಹೋದೆ, ಒಂದು ಬೆಳಗ್ಗೆ ಕೆಲಸ. ಮೊದಲ್ನೇ ದಿನವೇ ಇದು ನನ್ ಕೈಲಿಲ್ಲ ಅಜ್ಜಿ, ಅಲ್ಲಿ ಹೋಗಿ ಕೇಳಿ ಅಂದಿದ್ರೆ ಮುಗೀತಿತ್ತು. ಯಾಕೆ ಹೇಳ್ಲಿಲ್ಲ ಅಂತ ಯೋಚನೆ ಮಾಡ್ದಾಗ ಹೊಳೆದಿದ್ದು, ನನ್ ಕೈಲಿ ಆಗಲ್ಲ ಅನ್ನೋಕೆ ನಂಗೆ ನಾಚಿಕೆ. ಮೆಂಬರ್ ಸೋಂಬೇರಿ ಅಂತ ಬೈಸ್ಕೊಂಡ್ರೂ ಪರವಾಗಿಲ್ಲ, ಮೆಂಬರಿಗೆ ಪವರ್ರೇ ಇಲ್ವಂತೆ ಅಂತ ಊರಲ್ಲಿ ಆಡ್ಕೋಬಾರ್ದು. ನನ್ ಜೊತೆಗಿದ್ದ ಮೆಂಬರ್ಸೂ ಇದೇ ಕಾಯಿಲೆಯವರೇ, ಜನನ ಓಡಾಡ್ಸೋದು ಬರೀ ಕೊಬ್ಬಿಗೆ ಅಂತ ಎಲ್ರೂ ಅನ್ಕೊತಾರೆ, ಅರ್ಧ ಇದಕ್ಕೇ.

ಅವತ್ತಿಂದ 'ನೋಡೋಣ' ಅನ್ನೋ ಮಾತು ಬಾಯಿಗೆ ತರಬಾರ್ದು ಅಂತ ಮಾಡ್ದೆ. ಇನ್ನೂರು ಪೇಜಿನ ಒಂದು ನೋಟ್‌ಬುಕ್ ತಗೊಂಡೆ, ತಾರೀಕು, ಯಾರು, ಏನು ಕೇಳಿದ್ರು, ನಾನೇನು ಹೇಳ್ದೆ. ಬಂದೋರ ಎದುರೇ ಬರೆಯೋದು. ನನ್ ಉತ್ತರ ಮೂರೇ ಥರ: ಆಗುತ್ತೆ, ಆಗಲ್ಲ, ನನ್ನದಲ್ಲ ಇಂಥ ಕಡೆ ಹೋಗಿ. ಸೋಮವಾರ ಗುರುವಾರ ಬೆಳಗ್ಗೆ ಏಳರಿಂದ ಒಂಬತ್ತು ಜಗಲಿಲೇ ಕೂರ್ತಿದ್ದೆ, ಕೂಲಿಗೆ ಹೋಗೋರು ಹನ್ನೊಂದು ಗಂಟೆಗೆ ಪಂಚಾಯ್ತಿ ಆಫೀಸಿಗೆ ಬಂದ್ರೆ ಅವತ್ತಿನ ಸಂಬಳ ಹೋಯ್ತಲ್ಲ.

ಆಗಲ್ಲ ಅನ್ನೋದು ಕಷ್ಟದ ಕೆಲಸ. ಸರ್ಕಾರಿ ಯೋಜನೆ ಮನೆ ಕೇಳೋರು ರಾಶಿ, ನಮ್ಗೆ ಬರೋ ಮನೆ ಬೆರಳೆಣಿಕೆ, ಆಯ್ಕೆ ಗ್ರಾಮಸಭೆಲಿ ಆಗ್ಬೇಕು, ಈ ವರ್ಷ ನಿಮಗಿಲ್ಲ ಅಂದ್ರೆ ಮುಖ ತಿರುಗಿಸ್ಕೊಂಡು ಹೋಗೋರು, ಓಟು ಹಾಕಿದ್ದಕ್ಕೆ ಒಳ್ಳೇ ಉಪಕಾರ ಅನ್ನೋರು. ದುಡ್ಡಿನ ಲೆಕ್ಕ ಹೇಳೋಕೆ ಶುರು ಮಾಡಿದ್ಮೇಲೆ ಸ್ವಲ್ಪ ಜಗಳ ಕಮ್ಮಿ ಆಯ್ತು. ಪಂಚಾಯ್ತಿಗೆ ಕೇಂದ್ರದಿಂದ ಬರ್ತಿದ್ದ 15ನೇ ಹಣಕಾಸು ಆಯೋಗದ ದುಡ್ಡಲ್ಲಿ ನೂರಕ್ಕೆ 60 ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿ ಹಾಕಿ ಕಳಿಸ್ತಿದ್ರು, ಅದರಲ್ಲಿ ಸಮುದಾಯ ಭವನಕ್ಕೆ ಒಂದು ಇಟ್ಟಿಗೆನೂ ಇಡೋ ಹಂಗಿಲ್ಲ. ಇದನ್ನ ಯಾರೂ ಜನಕ್ಕೆ ಹೇಳಿರ್ಲೇ ಇಲ್ಲ, ಮೆಂಬರ್ಸು ತಿಂದ್ಬಿಟ್ರು ಅನ್ಕೊಂಡಿದ್ರು (ತಿಂದಿದ್ದೂ ಇರುತ್ತೆ, ಅದು ಬೇರೆ ಮಾತು).

ಇನ್ನೊಂದು, ಸ್ವೀಕೃತಿ, ಅಂದ್ರೆ ಅರ್ಜಿ ತಗೊಂಡಿದ್ದಕ್ಕೆ ಗುರುತು. ಬಾಯಲ್ಲಿ ಹೇಳ್ಬೇಡಿ, ಎರಡು ಕಾಪಿ ಬರ್ಕೊಂಡು ಹೋಗಿ, ಒಂದಕ್ಕೆ ಸೀಲು ತಾರೀಕು ಹಾಕಿಸ್ಕೊಂಡು ಬನ್ನಿ ಅಂತ ಪ್ರತಿಯೊಬ್ರಿಗೂ ಹೇಳ್ತಿದ್ದೆ. ಉದ್ಯೋಗ ಖಾತ್ರಿಲಿ ನಮೂನೆ 6 ಕೊಟ್ಟು ಕೆಲಸ ಕೇಳಿದ್ರೆ 15 ದಿನದೊಳಗೆ ಕೊಡ್ಬೇಕಿತ್ತು, ಇಲ್ಲಾಂದ್ರೆ ನಿರುದ್ಯೋಗ ಭತ್ಯೆ. ಸ್ವೀಕೃತಿನೇ ಇಲ್ಲ ಅಂದ್ರೆ ಆ 15 ದಿನ ಯಾವತ್ತು ಶುರುವಾಯ್ತು ಅಂತ ಸಾಬೀತು ಮಾಡೋದು ಹೆಂಗೆ? ಅದಕ್ಕೇ ಸೀಲು ಹಾಕೋಕೆ ಎಲ್ರೂ ಮೈ ಪರಚ್ಕೊಳ್ಳೋದು. ಇಷ್ಟಕ್ಕೂ ಉತ್ತರ ಬರದೇ ಇದ್ರೆ ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, 30 ದಿನದಲ್ಲಿ ಹೇಳ್ಲೇಬೇಕು ಅಂದಿದ್ದೆ. ನಮ್ಮ ಪಂಚಾಯ್ತಿ ಮೇಲೆ ನೀನೇ ಎತ್ತಿಕಟ್ತೀಯಾ ಅಂತ ಮೀಟಿಂಗಲ್ಲಿ ನಂಗೆ ಆಗಿದ್ದ ಮಂಗಳಾರತಿ ಕೇಳ್ಬೇಡಿ.

ಆಫೀಸಲ್ಲಿ ಒಂದು ಬೆಂಚು ಹಾಕ್ಸೋಕೆ ನಂಗೆ ಎಂಟು ತಿಂಗಳು ಹಿಡೀತು. ಮೆಂಬರ್ಸು ಕುರ್ಚಿಲಿ ಟೀ ಕುಡೀತಿರ್ತಾರೆ, ಅಪ್ಪನ ವಯಸ್ಸಿನೋರು ಮನೆ, ಸೈಟಿನ ದಾಖಲೆಗೆ, ಅಂದ್ರೆ ಈ-ಸ್ವತ್ತು ನಮೂನೆ 9, 11ಕ್ಕೆ, ಕೈ ಕಟ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ಬೆಂಚು ಬಂದ್ಮೇಲೂ ಮೊದಮೊದಲು ಯಾರೂ ಕೂರ್ಲಿಲ್ಲ, ಕೂತ್ಕೊಳ್ಳಿ ಅಂದ್ರೆ ಪರವಾಗಿಲ್ಲಮ್ಮ ಅಂತಿದ್ರು.

ನಾನೇನೂ ಸಾಚಾ ಅಲ್ಲ. ಬೀದಿ ದೀಪ ಬಂದಾಗ ಮೊದಲು ಹತ್ತಿದ್ದು ನಮ್ ಬೀದಿಲೇ. ಕಾಲೋನಿಯ ಒಬ್ಬ ಹುಡುಗ ಅದನ್ನ ನನ್ ಮುಖಕ್ಕೇ ಕೇಳ್ದ, ಉತ್ತರ ಇರ್ಲಿಲ್ಲ, ನೋಟ್‌ಬುಕ್ಕಲ್ಲಿ ಅದನ್ನೂ ಬರ್ಕೊಂಡೆ. ರಾತ್ರಿ ಹತ್ತೂವರೆಗೆ ಮೋಟ್ರು ಆಫ್ ಆಗಿದೆ ಅಂತ ಫೋನ್ ಮಾಡಿದ ಒಬ್ರಿಗೆ ಬಾಯಿಗೆ ಬಂದಂಗೆ ಬೈದೂ ಇದೀನಿ, ಬೆಳಗ್ಗೆ ಎದ್ದು ಅವ್ರ ಮನೆಗೆ ಹೋಗಿ ಕ್ಷಮೆ ಕೇಳೋಷ್ಟರಲ್ಲಿ ನೀರುಗಂಟಿ ಬಂದು ಮೋಟ್ರು ಹಾಕಿ ಹೋಗಿದ್ದ.

ಅವಧಿ ಮುಗೀತು, ಈಗ ನಾನು ಮಾಜಿ. ನೋಟ್‌ಬುಕ್ ಮೂರು ತುಂಬಿದೆ, ಟಿಕ್ ಬೀಳದೇ ಇರೋ ಸಾಲು ಇನ್ನೂ ಬೇಕಾದಷ್ಟಿದೆ, ಜಾಸ್ತಿ ಮನೆ ಕೇಳಿದೋರದ್ದೇ. ಅಷ್ಟನ್ನೂ ಜೆರಾಕ್ಸ್ ಮಾಡ್ಸಿ ಒಂದು ಫೈಲಲ್ಲಿ ಇಟ್ಟಿದೀನಿ, ಮುಂದೆ ನಮ್ ವಾರ್ಡಿಂದ ಯಾರು ಗೆಲ್ತಾರೋ ಅವ್ರ ಮನೆಗೆ ತಗೊಂಡೋಗಿ ಕೊಡೋಣ ಅಂತ. ಕೊಡುವಾಗ ಎರಡು ಕಾಪಿ ಒಯ್ದು ಒಂದಕ್ಕೆ ಸೈನ್ ಹಾಕಿಸ್ಕೊಂಡೇ ಬರ್ತೀನಿ.