ನಿವೃತ್ತರು ಖಾಸಗಿ ಆರೋಗ್ಯ ವಿಮೆಗೆ ಸಹಿ ಹಾಕುವ ಮೊದಲು

ಕಾಸರಗೋಡಿನ ಟ್ರೆಶರಿಯಿಂದ ಪಿಂಚಣಿ ಪಡೆಯುವ ನಮ್ಮಂಥವರಿಗೆ 2022ರ ಜುಲೈ 1ರಂದು ಆರಂಭವಾದ ಮೆಡಿಸೆಪ್, ಅಂದರೆ ಕೇರಳ ಸರಕಾರವು ನೌಕರರಿಗೂ ಪಿಂಚಣಿದಾರರಿಗೂ ಮಾಡಿದ ಆರೋಗ್ಯ ವಿಮಾ ಯೋಜನೆಯೇ ಮೊದಲ ಆಸರೆ. ಆಗ ತಿಂಗಳಿಗೆ 500 ರೂಪಾಯಿ ಕಡಿತವಾಗಿ ವರ್ಷಕ್ಕೆ 3 ಲಕ್ಷ ರೂಪಾಯಿಯ ರಕ್ಷಣೆ ದೊರೆಯಿತು. ಅದರ ಹೊಣೆ ಸಾರ್ವಜನಿಕ ರಂಗದ ಓರಿಯಂಟಲ್ ವಿಮಾ ಕಂಪೆನಿಯದಾಗಿತ್ತು. ಇಷ್ಟು ಸಾಲದೆಂಬ ಭಯದಿಂದ ಹಲವರು ಈಗ ಖಾಸಗಿ ಪಾಲಿಸಿಗಳನ್ನೂ ಕೊಳ್ಳುತ್ತಿದ್ದಾರೆ. ಕೊಳ್ಳುವುದು ತಪ್ಪಲ್ಲ, ಆದರೆ ಮುಪ್ಪಿನ ಕಾಯಿಲೆಯ ಖರ್ಚನ್ನು ಲಾಭದ ಲೆಕ್ಕ ನೋಡುವವರ ಕೈಗೆ ಒಪ್ಪಿಸುವಾಗ ಏಜೆಂಟರ ಬಾಯಿಮಾತನ್ನಲ್ಲ, ಪಾಲಿಸಿಯ ಪೂರ್ಣ ಪಠ್ಯವನ್ನೇ ನಂಬಬೇಕು.

ಮೊದಲು ಮಂಗಳೂರಿನ ಯಾವ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆ (ಬಿಲ್ಲನ್ನು ಕಂಪೆನಿಯೇ ನೇರವಾಗಿ ಆಸ್ಪತ್ರೆಗೆ ಕೊಡುವ ವ್ಯವಸ್ಥೆ) ದೊರೆಯುತ್ತದೆಂದು ಕೇಳಿರಿ. ಹೃದಯವೋ ಮೂತ್ರಪಿಂಡವೋ ಕೆಟ್ಟರೆ ಮಂಜೇಶ್ವರ, ಕುಂಬಳೆಯವರು ಓಡುವುದು ಅಲ್ಲಿಗೇ. 2020ರಲ್ಲಿ ಕೋವಿಡ್ ಕಾಲದಲ್ಲಿ ತಲಪಾಡಿಯ ಕರ್ನಾಟಕ ಗಡಿ ಮುಚ್ಚಿದಾಗ ನಾವು ಅನುಭವಿಸಿದ ಸಂಕಟವನ್ನು ಮರೆಯಲಾಗದು. ನಗದುರಹಿತ ಚಿಕಿತ್ಸೆಯ ಆಸ್ಪತ್ರೆಗಳ ಪಟ್ಟಿ ಬದಲಾಗುತ್ತಿರುವುದರಿಂದ, ದಾಖಲಾಗುವ ಮೊದಲು ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಮತ್ತೊಮ್ಮೆ ವಿಚಾರಿಸಿರಿ.

ಅತಿ ಹೆಚ್ಚು ಜನ ಎಡವುವುದು ಕೊಠಡಿ ಬಾಡಿಗೆಯ ಮಿತಿಯಲ್ಲಿ. 5 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ. 1, ಅಂದರೆ 5,000 ರೂಪಾಯಿ ಮಿತಿಯಿದ್ದು, ನೀವು 10,000 ರೂಪಾಯಿಯ ಕೊಠಡಿ ಹಿಡಿದರೆ, ನಷ್ಟ ಬಾಡಿಗೆಯ ವ್ಯತ್ಯಾಸಕ್ಕೆ ನಿಲ್ಲುವುದಿಲ್ಲ. ಪಾಲಿಸಿಯಲ್ಲಿ ಅನುಪಾತ ಕಡಿತದ ಷರತ್ತಿದ್ದರೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಗಳಲ್ಲಿಯೂ ಅರ್ಧವನ್ನಷ್ಟೇ ಕಂಪೆನಿ ಕೊಡುತ್ತದೆ. ನನ್ನೊಡನೆ ಪಾಠ ಮಾಡಿದ ಹಿರಿಯರೊಬ್ಬರಿಗೆ ಈ ವಿಷಯ ತಿಳಿದದ್ದು ಬಿಡುಗಡೆಯ ದಿನ ಬಿಲ್ಲು ಕೈಗೆ ಬಂದಾಗ. ಹಿರಿಯರ ಹಲವು ಪಾಲಿಸಿಗಳಲ್ಲಿ ಸಹಪಾವತಿಯೂ, ಅಂದರೆ ಬಿಲ್ಲಿನ ಒಂದು ಪಾಲನ್ನು ನಾವೇ ಕೊಡಬೇಕೆಂಬ ಷರತ್ತೂ ಇರುತ್ತದೆ, ಅದು ಶೇ. 20 ಆಗಿದ್ದರೆ ಪ್ರತಿ ಲಕ್ಷಕ್ಕೆ 20,000 ರೂಪಾಯಿ ನಿಮ್ಮದೇ.

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿರಿ. "ಅದೆಲ್ಲ ಬರೆಯುವುದು ಬೇಡ ಮಾಷ್ಟ್ರೇ" ಎಂದು ಏಜೆಂಟರು ಹೇಳಿದರೂ ಬರೆಯಿರಿ. 2024ರ ನಿಯಮದಂತೆ ಹಳೆಯ ಕಾಯಿಲೆಗೆ ಕಾಯುವ ಅವಧಿ, ಅಂದರೆ ಆ ಕಾಯಿಲೆಯ ಖರ್ಚನ್ನು ಕಂಪೆನಿ ಕೊಡದಿರುವ ಆರಂಭದ ಕಾಲ, ಗರಿಷ್ಠ 36 ತಿಂಗಳು. 65 ದಾಟಿದವರೂ ಈಗ ಪಾಲಿಸಿ ಕೊಳ್ಳಬಹುದು, ಆದರೆ ಕಂತು ದುಬಾರಿ. 60 ದಾಟಿದವರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸುವ ಮೊದಲು ಕಂಪೆನಿಯು ವಿಮಾ ನಿಯಂತ್ರಣ ಪ್ರಾಧಿಕಾರದೊಡನೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಏರಿಕೆಯ ಪತ್ರ ಬಂದಾಗ ಇದನ್ನು ನೆನಪಿಸಿ ಲಿಖಿತವಾಗಿ ಕಾರಣ ಕೇಳಿರಿ. ಕಂಪೆನಿ ಬದಲಿಸುವುದಾದರೆ ಹೊಸ ಪಾಲಿಸಿ ಮಾಡಿಸದೆ, ನವೀಕರಣಕ್ಕೆ 45 ದಿನ ಮೊದಲೇ ಹಳೆಯ ಪಾಲಿಸಿಯನ್ನು ಹೊಸ ಕಂಪೆನಿಗೆ ವರ್ಗಾಯಿಸಲು ಅರ್ಜಿ ಕೊಡಿರಿ. ಕಾದು ಕಳೆದ ವರ್ಷಗಳು ಆಗ ವ್ಯರ್ಥವಾಗುವುದಿಲ್ಲ.

ಪಾಲಿಸಿ ಕೈಸೇರಿದ 30 ದಿನಗಳೊಳಗೆ ಷರತ್ತುಗಳು ಒಪ್ಪಿಗೆಯಾಗದಿದ್ದರೆ ಮರಳಿಸಬಹುದು. ಇಂಗ್ಲಿಷ್ ಪತ್ರವನ್ನು ಮಕ್ಕಳಿಂದಲೋ ಪಿಂಚಣಿದಾರರ ಸಂಘದ ಬಲ್ಲವರಿಂದಲೋ ಕನ್ನಡದಲ್ಲಿ ಹೇಳಿಸಿಕೊಳ್ಳಲು ಆ ದಿನಗಳು ಸಾಕು.

ಚಿಕಿತ್ಸೆಯ ಹಣಕ್ಕಾಗಿ ಸಲ್ಲಿಸಿದ ಬೇಡಿಕೆ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಪಡೆದು, ಮೊದಲು ಕಂಪೆನಿಗೇ ದೂರು ಕೊಡಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ನರಿಗೆ, ಅಂದರೆ ವಿಮಾ ಕಂಪೆನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಚಿಕಿತ್ಸೆ ಮಂಗಳೂರಿನಲ್ಲಿ ನಡೆದಿದ್ದರೂ ಕಾಸರಗೋಡಿನಲ್ಲಿ ವಾಸಿಸುವವರು ಕೊಚ್ಚಿಯ ಕಚೇರಿಗೆ ದೂರು ಕಳುಹಿಸಬಹುದು.