ವಚನ ಗೋಷ್ಠಿ: ಚರಿತ್ರೆ, ಕಥೆ, ಬಯಕೆ ಒಂದರೊಳಗೊಂದು ಬೆರೆಯದಂತೆ ಓದುವ ಬಗೆ

ಒಂದು ಗೋಷ್ಠಿಗೆ ಒಂದೇ ವಚನ ಸಾಕು. ಆರರಿಂದ ಹತ್ತು ಜನ, ಒಂದೂಕಾಲು ಗಂಟೆ. ಜನ ಇನ್ನೂ ಹೆಚ್ಚಿದರೆ ಮಾತುಕತೆ ಉಪನ್ಯಾಸವಾಗಿಬಿಡುತ್ತದೆ.

ವಚನವನ್ನು ವಾಟ್ಸಾಪ್‌ನಿಂದ ಎತ್ತಿಕೊಳ್ಳಬೇಡಿ. ತುದಿಗೆ ‘ಕೂಡಲಸಂಗಮದೇವ’ ಎಂದು ಅಂಟಿಸಿದ ಹೊಸ ಸಾಲುಗಳು ಅಲ್ಲಿ ಧಾರಾಳವಾಗಿ ಓಡಾಡುತ್ತವೆ. ಕರ್ನಾಟಕ ಸರ್ಕಾರದ 15 ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಹುಡುಕಿ, ವಚನದ ಸಂಖ್ಯೆ ಗುರುತು ಹಾಕಿಕೊಳ್ಳಿ. ವಚನದ ಕೊನೆಗೆ ಬರುವ ದೇವರ ಹೆಸರೇ ಅಂಕಿತ, ವಚನಕಾರರ ಗುರುತು: ಗುಹೇಶ್ವರ ಎಂದರೆ ಅಲ್ಲಮ, ರಾಮನಾಥ ಎಂದರೆ ಜೇಡರ ದಾಸಿಮಯ್ಯ. ಆದರೆ ಅಂಕಿತವೊಂದನ್ನೇ ನಂಬಬೇಡಿ, ಖೊಟ್ಟಿ ಮಾಡುವವರು ಮೊದಲು ಕೈ ಹಾಕುವುದೇ ಅದಕ್ಕೆ.

ಇಬ್ಬರು ಬೇರೆ ಬೇರೆಯಾಗಿ ಗಟ್ಟಿಯಾಗಿ ಓದಲಿ. ನಂತರ ಹಾಳೆಯೊಂದರಲ್ಲಿ ಮೂರು ಕಾಲಂ ಎಳೆಯಿರಿ: ವಚನದಲ್ಲೇ ಇರುವುದು, ನಂತರದವರು ಹೇಳಿದ್ದು, ನಾವು ಬಯಸುವುದು.

ಹೆಚ್ಚು ಹೊತ್ತು ಬೇಡುವುದು ಎರಡನೆಯ ಕಾಲಂ. ಬಸವಣ್ಣ 12ನೇ ಶತಮಾನದವರು. ಅವರನ್ನು ಹೆಸರಿಸುವ ಅರ್ಜುನವಾಡದ ಶಾಸನ 1260ರದು, ಭೀಮಕವಿಯ ಬಸವಪುರಾಣ 1369ರದು. ಅಕ್ಕಮಹಾದೇವಿ ಮತ್ತು ಅಲ್ಲಮರ ಪ್ರಶ್ನೋತ್ತರವನ್ನು ಒಂದೇ ಪ್ರಸಂಗವಾಗಿ ಹೆಣೆದ ಶೂನ್ಯಸಂಪಾದನೆ 15ನೇ ಶತಮಾನದ್ದು. ಅಂದರೆ ವಚನ ಅಕ್ಕನದಾಗಿರಬಹುದು, ಅದು ಯಾವ ಪ್ರಶ್ನೆಗೆ ಉತ್ತರವೆಂಬ ಸಂದರ್ಭ ಮಾತ್ರ ಸಂಕಲನಕಾರರು ಕೊಟ್ಟದ್ದು. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಕಥೆಯೂ ನಮಗೆ ತಲುಪಿರುವುದು ಪುರಾಣಗಳ ದಾರಿಯಲ್ಲಿ. ಹಾಗೆಂದು ಸುಳ್ಳೆಂದು ತಳ್ಳುವ ಅವಸರವೂ ಬೇಡ: ಜಾತಿ ಮೀರಿದ ಮದುವೆಯೊಂದನ್ನು ಕಲ್ಯಾಣದ ಕುಸಿತಕ್ಕೆ ಕಾರಣವೆಂದು ಜನ ಶತಮಾನಗಳ ಕಾಲ ನೆನೆದರು ಎಂಬುದೇ ದೊಡ್ಡ ಸಂಗತಿ.

ಮೂರನೆಯ ಕಾಲಂನಲ್ಲಿ ಸಂಕೋಚ ಬೇಡ. ‘ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು’ ಎಂಬ ಮಾತಿಗೆ ಜಾಗ ಅಲ್ಲೇ. ಬಯಕೆಯಾಗಿ ಅದು ಗೌರವದ್ದೇ; ಮೊದಲ ಕಾಲಂಗೆ ನುಸುಳಿದರೆ ಓದು ಕೆಡುತ್ತದೆ.

ವಚನದಲ್ಲಿ ಇಂದಿನ ಕಿವಿಗೆ ಒರಟಾಗುವ ಜಾತಿಸೂಚಕ ಪದವೋ ಹೆಣ್ಣನ್ನು ಮಾಯೆಯೆನ್ನುವ ಸಾಲೋ ಬಂದರೆ ತಿದ್ದಬೇಡಿ, ‘ಆ ಕಾಲವೇ ಹಾಗೆ’ ಎಂದು ಮುಚ್ಚಲೂಬೇಡಿ. ಅದೇ ವಿಷಯಕ್ಕೆ ಶರಣೆಯೊಬ್ಬರ ವಚನವನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.

ಹಾಳೆ ತುಂಬಿದ ಮೇಲೆ ಐದು ನಿಮಿಷ ಮೌನ. ಇದನ್ನು ಮೊದಲಿಗೇ ಇಟ್ಟರೆ ಜನ ತಮಗೆ ಗೊತ್ತಿದ್ದ ಭಾವದಲ್ಲೇ ಕುಳಿತಿರುತ್ತಾರೆ. ಬಳಿಕ ಪ್ರತಿಯೊಬ್ಬರೂ ಒಂದೇ ವಾಕ್ಯದಲ್ಲಿ ಉತ್ತರಿಸಲಿ: ಈ ವಚನ ನನ್ನ ಯಾವ ನಡೆಯನ್ನು ಪ್ರಶ್ನಿಸುತ್ತದೆ? ಉತ್ತರ ‘ನಾವು’, ‘ಸಮಾಜ’, ‘ಅವರು’ ಎಂದು ಶುರುವಾದರೆ ಮತ್ತೆ ಹೇಳಿಸಿ. ಕಾಯಕದ ವಚನಗಳಲ್ಲಿ ಈ ಎಚ್ಚರ ಹೆಚ್ಚು ಬೇಕು. ಹೆಚ್ಚುವರಿ ಅಕ್ಕಿಯನ್ನು ಸುರಿದು ಬರಲು ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನು ಹೊಗಳಿ, ಮನೆಗೆಲಸದವರ ಸಂಬಳದ ಮಾತು ಬಂದಾಗ ಸುಮ್ಮನಾಗುವುದು ಸುಲಭ. (ಗೋಷ್ಠಿಯ ಲೋಟ ತೊಳೆಯುವವರು ಪ್ರತಿಸಲ ಯಾರು ಎಂಬುದನ್ನೂ ಗಮನಿಸಿ.)

ಒಮ್ಮತ ಬಾರದಿದ್ದರೆ ಎರಡೂ ಅಭಿಪ್ರಾಯಗಳನ್ನು ಬರೆದು, ತಾರೀಖು ಹಾಕಿ, ಹಾಳೆಯನ್ನು ಕಡತಕ್ಕೆ ಸೇರಿಸಿ. ಆರು ತಿಂಗಳ ನಂತರ ಅದೇ ವಚನವನ್ನು ಮತ್ತೆ ತೆಗೆಯಿರಿ.