ನಿಂತಿರುವ ಕಟ್ಟಡದ ದೋಷ ಹುಡುಕುವ ಓದು: ಇಂಗ್ಲೆಂಡಿನಲ್ಲಿ ಬಿಲ್ಡಿಂಗ್ ಸರ್ವೆಯಿಂಗ್ ಕಲಿತ ನನ್ನ ಅನುಭವ

ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದಾಗ ನನಗೆ ಬರುತ್ತಿದ್ದದ್ದು ಹೊಸ ಕಟ್ಟಡಕ್ಕೆ ಲೆಕ್ಕ ಹಾಕುವ ವಿದ್ಯೆ. ಆಮೇಲೆ ಇಂಗ್ಲೆಂಡಿನಲ್ಲಿ ಬಿಲ್ಡಿಂಗ್ ಸರ್ವೆಯಿಂಗ್ ಸ್ನಾತಕೋತ್ತರ ಪದವಿಗೆ ಸೇರಿ ಕಲಿತದ್ದು, ಆಗಲೇ ನಿಂತಿರುವ ಕಟ್ಟಡವನ್ನು ಪರೀಕ್ಷಿಸಿ, ದೋಷದ ಮೂಲ ಹುಡುಕಿ, ದುರಸ್ತಿಯ ಕ್ರಮವನ್ನು ಮಾಲೀಕರಿಗೆ ಅರ್ಥವಾಗುವಂತೆ ಬರೆದುಕೊಡುವುದನ್ನು.

ಆಸ್ತಿ ಕಾನೂನು, ಗುತ್ತಿಗೆ ಒಪ್ಪಂದ, ವೆಚ್ಚದ ಅಂದಾಜು ಎಲ್ಲವೂ ಪಠ್ಯದಲ್ಲಿದ್ದವು. ನನ್ನನ್ನು ಹಿಡಿದಿಟ್ಟದ್ದು ಮಾತ್ರ ಬಿಲ್ಡಿಂಗ್ ಪೆಥಾಲಜಿ, ಅಂದರೆ ಕಟ್ಟಡದ ದೋಷಗಳ ಕಾರಣ ಪತ್ತೆಹಚ್ಚುವ ವಿದ್ಯೆ. ವಿಕ್ಟೋರಿಯಾ ಕಾಲದ ಇಟ್ಟಿಗೆ ಮನೆಯೊಂದರ ಗೋಡೆ ಬುಡದಲ್ಲಿ ತೇವ ಕಂಡಿದೆ ಎಂದುಕೊಳ್ಳಿ. ತೇವ ಅಳೆಯುವ ಮೀಟರನ್ನು ಚುಚ್ಚಿ, ಅಂಕಿ ನೋಡಿ, ತೇವ ತಡೆಯುವ ರಾಸಾಯನಿಕವನ್ನು ಗೋಡೆಗೆ ಚುಚ್ಚಬೇಕೆಂದು ಹೇಳಿಬಿಡುವುದು ಸುಲಭ. ಆದರೆ ಆ ಮೀಟರ್ ಅಳೆಯುವುದು ವಿದ್ಯುತ್ ವಾಹಕತೆಯನ್ನಾದ್ದರಿಂದ, ಗೋಡೆಯಲ್ಲಿ ಕಟ್ಟಿಕೊಂಡ ಉಪ್ಪು ಕೂಡ ಅಂಕಿಯನ್ನು ಏರಿಸುತ್ತದೆ. ಹಾಗಾಗಿ ನಾನು ಮೊದಲು ಹೊರಗೆ ಹೋಗುತ್ತೇನೆ. ತೇವ ತಡೆಯುವ ಪದರ ನೆಲಮಟ್ಟದಿಂದ ಕನಿಷ್ಠ 150 ಮಿ.ಮೀ. ಮೇಲಿರಬೇಕು, ಯಾರೋ ಅಂಗಳಕ್ಕೆ ಹೊಸ ಕಲ್ಲು ಹಾಸಿ ನೆಲವನ್ನು ಅದಕ್ಕಿಂತ ಎತ್ತರಿಸಿದ್ದಾರೆಯೇ, ಮಳೆನೀರಿನ ದೋಣಿ ಸೋರುತ್ತಿದೆಯೇ, ಸುಣ್ಣದ ಗಾರೆಯ ಸಂದುಗಳಿಗೆ ಸಿಮೆಂಟ್ ಮೆತ್ತಿ ಗೋಡೆಯ ನೀರು ಆರದಂತೆ ಮಾಡಿದ್ದಾರೆಯೇ ಎಂದು ನೋಡುತ್ತೇನೆ. ಎಷ್ಟೋ ಸಲ ಮಣ್ಣನ್ನು ತಗ್ಗಿಸಿ, ದೋಣಿ ಸರಿಪಡಿಸಿ, ಗೋಡೆ ಆರಲು ಬಿಟ್ಟರೆ ಸಾಕು. ನಮ್ಮ ಕಡೆಯ ಸುಣ್ಣದ ಗಾರೆಯ ಹಳೆ ಮನೆಗಳಿಗೆ ಸಿಮೆಂಟ್ ಪ್ಲಾಸ್ಟರ್ ಬಳಿಯುವುದನ್ನು ಕಂಡಾಗ ಈಗಲೂ ನನಗೆ ಸಂಕಟವಾಗುತ್ತದೆ.

ಕಾನೂನಿನ ಪಾಠ ಇಷ್ಟವಾದದ್ದು 1996ರ ಪಾರ್ಟಿ ವಾಲ್ ಕಾಯ್ದೆಯಿಂದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕೆಲಸ ಮಾಡುವವರು ಎರಡು ತಿಂಗಳು ಮೊದಲು, ಪಕ್ಕದ ಕಟ್ಟಡದಿಂದ 3 ಮೀಟರ್ ಒಳಗೆ ಅದರ ಪಾಯಕ್ಕಿಂತ ಆಳ ಅಗೆಯುವವರು ಒಂದು ತಿಂಗಳು ಮೊದಲು ನೋಟಿಸ್ ಕೊಡಬೇಕು. ನೆರೆಯವರು 14 ದಿನಗಳಲ್ಲಿ ಒಪ್ಪದಿದ್ದರೆ ವಿವಾದ ಬಗೆಹರಿಸಲು ಸರ್ವೆಯರ್ ನೇಮಕವಾಗುತ್ತದೆ. ಎರಡೂ ಕಡೆಯವರು ಒಬ್ಬರನ್ನೇ ನೇಮಿಸಿಕೊಂಡರೂ ಆತ ಯಾರ ಪಕ್ಷವನ್ನೂ ವಹಿಸುವಂತಿಲ್ಲ. ಕೆಲಸ ಶುರುವಾಗುವ ಮುನ್ನ ಪಕ್ಕದ ಮನೆಯ ಒಂದೊಂದು ಬಿರುಕಿನ ಅಗಲವನ್ನೂ ಅಳೆದು, ಫೋಟೊ ತೆಗೆದು ದಾಖಲಿಸುವ ತಾಳ್ಮೆ ಮುಂದೆ ದೊಡ್ಡ ಜಗಳಗಳನ್ನು ತಪ್ಪಿಸುತ್ತದೆ.

ಪದವಿಯೊಂದರಿಂದಲೇ ಚಾರ್ಟರ್ಡ್ ಸರ್ವೆಯರ್, ಅಂದರೆ ವೃತ್ತಿಸಂಸ್ಥೆಯ ಮಾನ್ಯತೆ ಪಡೆದ ಸರ್ವೆಯರ್, ಆಗಲಾಗದು. 1868ರಲ್ಲಿ ಸ್ಥಾಪನೆಯಾದ, ಸರ್ವೆಯರ್‌ಗಳ ವೃತ್ತಿಸಂಸ್ಥೆ ಆರ್‌ಐಸಿಎಸ್ ನಡೆಸುವ ಎಪಿಸಿ ಎಂಬ ವೃತ್ತಿ ಸಾಮರ್ಥ್ಯದ ಮೌಲ್ಯಮಾಪನಕ್ಕೆ ನಾನು ತಯಾರಾದಾಗ, ಹೊಸ ಪದವೀಧರರಿಗೆ 24 ತಿಂಗಳ ತರಬೇತಿ, ಅದರಲ್ಲಿ ಕನಿಷ್ಠ 400 ದಿನಗಳ ಕೆಲಸದ ದಿನಚರಿ, 3,000 ಪದಗಳ ಪ್ರಕರಣ ವರದಿ ಮತ್ತು ಒಂದು ಗಂಟೆಯ ಸಂದರ್ಶನ ಇದ್ದವು. ಸೇರುವ ಪದವಿಗೆ ಆರ್‌ಐಸಿಎಸ್ ಮಾನ್ಯತೆ ಇದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಬೇಕು.

ಉದ್ಯೋಗದ ದಾರಿಗಳು ಹಲವು: ಮನೆ ಕೊಳ್ಳುವವರಿಗಾಗಿ ತಪಾಸಣೆ, ಲೀಸ್ ಮುಗಿದಾಗ ಬಾಡಿಗೆದಾರರು ಮಾಡಿಕೊಡಬೇಕಾದ ದುರಸ್ತಿಯ ಲೆಕ್ಕ, ಪಾರಂಪರಿಕ ಕಟ್ಟಡಗಳ ಸಂರಕ್ಷಣೆ, ಸ್ಥಳೀಯ ಸಂಸ್ಥೆಗಳ ಹುದ್ದೆಗಳು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿ 72 ಜನರನ್ನು ಬಲಿ ತೆಗೆದುಕೊಂಡ ಮೇಲೆ 2022ರ ಕಟ್ಟಡ ಸುರಕ್ಷತಾ ಕಾಯ್ದೆ ಬಂದು, 18 ಮೀಟರ್ ಅಥವಾ ಏಳು ಅಂತಸ್ತು ಮುಟ್ಟುವ ವಸತಿ ಕಟ್ಟಡಗಳ ಮೇಲೆ ನಿಗಾ ಬಿಗಿಯಾಗಿದೆ. ಹೊರಗೋಡೆಯ ಹೊದಿಕೆಯ ಹಿಂದೆ ಏನಿದೆ ಎಂದು ಬಿಚ್ಚಿ ನೋಡುವ ಕೆಲಸಕ್ಕೆ ಈ ವೃತ್ತಿಯ ಜ್ಞಾನ ಬೇಕೇ ಬೇಕು, ಮತ್ತು ಅಂಥ ತಪಾಸಣೆಯ ವರದಿಯಲ್ಲಿ ಅಸ್ಪಷ್ಟ ವಾಕ್ಯವೊಂದಕ್ಕೂ ಜಾಗವಿಲ್ಲ.